ಲಾರಿ ಹತ್ತಿದ ಹಾಜಿ

ಹಾಜಿ ಮಿಫ್ತಾ ಕುಫ್ರಾದ ಮರಳುದಾರಿಯಲ್ಲಿ ಒಂಟೆ ನಡೆಸಿಯೇ ಮುದುಕರಾದವರು. ಅದಕ್ಕೇ ಮಹಾಯುದ್ಧ ಮರುಭೂಮಿಗೂ ಬಂದಾಗ ಇಂಗ್ಲಿಷರು, ಇಟಲಿ ಸೈನ್ಯದ ಬೆನ್ನಹಿಂದೆ ನುಸುಳುವ ತಮ್ಮ ಪುಟ್ಟ ಪಡೆಗೆ ದಾರಿ ತೋರಿಸಲು ಅವರನ್ನು ಲಾರಿ ಹತ್ತಿಸಿದರು. ನಾನು ಸಂಬಳದ ದುಭಾಷಿ. ಎರಡೂ ಕಡೆಯ ಬೈಗುಳ ಮೊದಲು ಬೀಳುತ್ತಿದ್ದುದು ನನ್ನ ಕಿವಿಗೇ.

ನೀರು ಮುಗಿಯುತ್ತ ಬಂದರೂ ಬಾವಿ ಸಿಗಲಿಲ್ಲ. "ಎಡಕ್ಕೋ ಬಲಕ್ಕೋ, ಕೇಳಯ್ಯಾ ಅವನನ್ನ!" ಎಂದು ಕ್ಯಾಪ್ಟನ್ ಸಿಡುಕಿದ.

"ಈ ರಭಸಕ್ಕೆ ಯಾವ ಗುಡ್ಡ ಯಾವುದು ಅಂತಾನೇ ತಿಳೀತಿಲ್ಲ ಮಗಾ. ಒಂಟೆ ಮೇಲಾದ್ರೆ ಒಂದೊಂದು ಕಲ್ಲೂ ಮಾತಾಡಿಸ್ತಿತ್ತು," ಎಂದರು ಹಾಜಿ.

"ಯೋಚಿಸ್ತಿದಾರೆ ಸಾರ್," ಎಂದು ಅನುವಾದಿಸಿದೆ. ನನ್ನ ಇಂಗ್ಲಿಷೂ ಧೈರ್ಯವೂ ಅಷ್ಟಕ್ಕೇ ಸಾಲುತ್ತಿದ್ದವು.

ಕೊನೆಗೆ ಹಾಜಿ ರೇಗಿ ಕೆಳಗೆ ಧುಮುಕಿ, ಬರಿಗಾಲಲ್ಲಿ ನಡೆಯತೊಡಗಿದರು. ಶತ್ರು ವಿಮಾನ ಸುತ್ತುವ ಹಾಡುಹಗಲಲ್ಲಿ ನಮ್ಮ ಲಾರಿಗಳು ಮದುವೆ ದಿಬ್ಬಣದಂತೆ ಅವರ ಹಿಂದೆ ತೆವಳಿದವು. ಕ್ಯಾಪ್ಟನ್ ಆಕಾಶ ನೋಡುತ್ತ ಹಲ್ಲು ಕಡಿಯುತ್ತಿದ್ದ.

ಸಂಜೆಗೆ ಬಾವಿ ಸಿಕ್ಕಿತು. ಇಟಲಿಯವರು ಅದರ ತುಂಬ ಕಲ್ಲು ಸುರಿದು ಹೋಗಿದ್ದರು.

"ಇನ್ನೊಂದು ಬಾವಿ ಎಷ್ಟು ದೂರ?" ಕ್ಯಾಪ್ಟನ್ ದನಿ ಒಡೆದಿತ್ತು.

"ಅದಕ್ಕೂ ಕಲ್ಲು ಹಾಕದೆ ಬಿಟ್ಟಿರ್ತಾರಾ? ನಾನಿನ್ನು ಎಲ್ಲಿಗೂ ಬರಲ್ಲ. ಎಲ್ಲರೂ ಇಳಿದು ಕಲ್ಲು ಎತ್ತಿ ಅನ್ನು," ಎಂದ ಹಾಜಿ ಮೊದಲ ಕಲ್ಲನ್ನು ಎತ್ತಿ ನನ್ನ ಕೈಗೇ ಹಾಕಿದರು.