ಮೂರು ಎಣಿಸುವಷ್ಟರಲ್ಲಿ ಕೆಂಗೇರಿ ಕೆರೆ

ಆ ಭಾನುವಾರ ಎದ್ದವಳೇ ಹಿತ್ತಲಿಗೆ ಓಡಿ ಆಕಾಶ ನೋಡಿದೆ. ಹಂಡೆಯ ಮಸಿಯಂಥ ಮೋಡ.

ಐವತ್ತರ ದಶಕದ ಮಾತು. ಕೆಂಗೇರಿಯಿಂದ ದಿನಾ ರೈಲು ಹತ್ತಿ ಸಿಟಿಯ ಕಾನ್ವೆಂಟಿಗೆ ಹೋಗುತ್ತಿದ್ದೆ. ಕ್ಲಾಸಿನ ನೇಚರ್ ಸ್ಟಡಿ ಆಲ್ಬಮ್ಮಿಗೆ ಯಾರು ಬೇಕಾದರೂ ಫೋಟೋ ತರಬಹುದು, ಚೆನ್ನಾಗಿದ್ದರೆ ಮಾತ್ರ ಅಂಟಿಸುತ್ತೇನೆ ಎಂದಿದ್ದರು ಸಿಸ್ಟರ್. ನಮ್ಮೂರ ಲೇಕ್ ತರುತ್ತೇನೆ ಎಂದು ನಾನು ಎದ್ದು ನಿಂತು ಹೇಳಿಬಿಟ್ಟೆ. ನನ್ನ ಪಕ್ಕ ಕೂರುತ್ತಿದ್ದ ಕಂಟೋನ್ಮೆಂಟ್ ಹುಡುಗಿ ಕಿಸಕ್ಕನೆ ನಕ್ಕಳು.

"ಲೇಕ್ ಅಂತೆ. ಎಮ್ಮೆ ತೊಳೆಯೋ ಹೊಂಡ ಇರ್ಬೇಕು ಕಣೇ."

ಹಾಗೆಂದವಳೇ ಶನಿವಾರ ತನ್ನ ಬಾಕ್ಸ್ ಕ್ಯಾಮೆರಾವನ್ನೂ ತಂದು ಕೊಟ್ಟಳು. ಅಂಥ ಹುಡುಗಿ ಅವಳು. ಕ್ಯಾಮೆರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ಎಂಟು ಎಂಬ ಅಂಕಿ ಕಾಣುತ್ತಿತ್ತು. ಎಂಟು ಚಿತ್ರದ ರೋಲಿನಲ್ಲಿ ಉಳಿದಿದ್ದು ಅದೊಂದೇ. ಸೋಮವಾರ ಬೆಳಗ್ಗೆ ಕ್ಯಾಮೆರಾ ವಾಪಸ್ ಕೊಡಬೇಕು. ಇದ್ದದ್ದು ಒಂದು ಚಿತ್ರ, ಒಂದು ದಿನ, ಆ ದಿನವೂ ಸೂರ್ಯನಿಲ್ಲ.

ಮಧ್ಯಾಹ್ನದವರೆಗೆ ಕಾದೆ. ಮೋಡ ಇನ್ನೂ ಕಪ್ಪಾಯಿತು. ಕೊನೆಗೆ ಕ್ಯಾಮೆರಾದ ಜೊತೆಗಿದ್ದ ಇಂಗ್ಲಿಷ್ ಬುಕ್‌ಲೆಟ್ ತೆರೆದು ಓದಿದೆ. ಡಲ್ ಲೈಟ್ ಇದ್ದಾಗಲೂ ಉಪಾಯವಿತ್ತು. ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು, ಲಿವರ್ ಒತ್ತಿ ಕ್ಯಾಮೆರಾದ ಕಣ್ಣು ತೆರೆಯಬೇಕು. ಮೂರು ಎಣಿಸಿ ಮತ್ತೆ ಒತ್ತಿ ಮುಚ್ಚಬೇಕು. ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಉಸಿರು ಹಿಡಿದವಳು ಎಣಿಸುವುದು ಹೇಗೆ? ಅಚ್ಚಾದ ಮಾತನ್ನು ಮೀರದ ಕಾನ್ವೆಂಟ್ ಹುಡುಗಿ ನಾನು. ಮನಸ್ಸಿನಲ್ಲೇ ಎಣಿಸಬಹುದೆಂದು ಹೊಳೆಯಲೇ ಇಲ್ಲ. ಎಣಿಸುವುದಕ್ಕೆಂದು ತಾತನನ್ನು ಎಳೆದುಕೊಂಡು ಕೆರೆ ಏರಿಗೆ ಓಡಿದೆ.

ಎದುರು ದಡದ ಮೆಟ್ಟಿಲುಗಲ್ಲುಗಳ ಮೇಲೆ ನಾಲ್ವರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಫೋಟೋ ಎಂದ ಕೂಡಲೇ ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತರು. ಅಲುಗಬೇಡಿ, ಮೂರು ಎಣಿಸುವಷ್ಟು ಹೊತ್ತು ಅಷ್ಟೇ ಎಂದು ಕೂಗಿ ಹೇಳಿದೆ. ನಮ್ಮ ಎಮ್ಮೆ ಕುತ್ತಿಗೆಮಟ್ಟದ ನೀರಿನಲ್ಲಿ ಮಲಗಿತ್ತು. ಎಬ್ಬಿಸು ಎಂದು ತಾತನಿಗೆ ಅಂಗಲಾಚಿದೆ. ತಣ್ಣಗೆ ಮಲಗಿದೆ, ಅದರ ಪಾಡಿಗೆ ಇರಲಿ ಎಂದುಬಿಟ್ಟ.

ಕ್ಯಾಮೆರಾವನ್ನು ಏರಿಯ ಕಲ್ಲಿನ ಮೇಲಿಟ್ಟು ಉಸಿರು ಹಿಡಿದೆ. ಶುರುಮಾಡು ಎಂದು ತಾತನಿಗೆ ತಲೆಯಾಡಿಸಿದೆ.

"ಲಾಭಾ..." ಎಂದು ತಾತ ರಾಗ ತೆಗೆದ.

ತಾತ ಜೀವಮಾನವಿಡೀ ಎಣಿಸಿದ್ದು ಕಣದ ರಾಗಿ. ರಾಗಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಕೊಳಗ ತುಂಬಿ ಚೀಲಕ್ಕೆ ಸುರಿಯುವ ತನಕ ಅದನ್ನೇ ಹೇಳುತ್ತಿರಬೇಕು. ನಾನು ಲಿವರ್ ಒತ್ತಿಬಿಟ್ಟಿದ್ದೆ. "ಲಾಭ, ಲಾಭ, ಲಾಭ... ಎರಡೂ, ಎರಡು, ಎರಡು..." ಕಣ್ಣಿಗೆ ಕಾಣದ ಕೊಳಗ ಸಾವಕಾಶವಾಗಿ ತುಂಬುತ್ತಿತ್ತು. ನನ್ನ ಕಿವಿ ಗುಂಯ್ಗುಡತೊಡಗಿತು. ಆಚೆ ದಡದಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಮೂರು ಎನ್ನುವ ಹೊತ್ತಿಗೆ ಅರೆಜೀವವಾಗಿ ಲಿವರ್ ಒತ್ತಿ ಅಲ್ಲೇ ಕುಸಿದೆ.

ಎಣಿಸಿದ್ದು ಜಾಸ್ತಿಯಾಯಿತು ತಾತ, ಎಲ್ಲಾ ಹಾಳಾಯಿತು ಎಂದು ಅತ್ತೆ. ಅವನಿಗೆ ಬೇಜಾರಾಯಿತು. ಎಮ್ಮೆಯನ್ನು ಎಬ್ಬಿಸಿಕೊಂಡು ಮನೆ ಕಡೆ ಹೊರಟ.

ಮುಂದಿನ ವಾರ ಗೆಳತಿ ಸ್ಟುಡಿಯೋದಿಂದ ಪ್ರಿಂಟ್ ತಂದಳು. ಕಸಿದುಕೊಂಡು ನೋಡಿದೆ. ನೀರು ಹಾಲಿನ ಕೆನೆಯಂತಿತ್ತು. ಒಂದು ಅಲೆಯೂ ಇಲ್ಲ. ಆಕಾಶ ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಶುರುವಾಯಿತು, ಹೇಳುವ ಹಾಗಿರಲಿಲ್ಲ. ನಕ್ಕು ಅಲುಗಿದ ಹೆಂಗಸರೆಲ್ಲ ಬರೀ ಹೊಗೆ. ಆ ಬಿಳುಪಿನ ನಡುವೆ, ಎರಡು ಕೊಂಬು, ಒಂದು ಮೂತಿ, ಕೆತ್ತಿಟ್ಟ ಹಾಗೆ ನಮ್ಮ ಎಮ್ಮೆ.

"ನಾನ್ ಹೇಳ್ಲಿಲ್ವಾ?" ಎಂದಳು ಗೆಳತಿ. ಆದರೆ ಅವಳೂ ನಗದೆ ನೋಡುತ್ತಲೇ ಇದ್ದಳು.

ಸಿಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಷ್ಟು ಹೊತ್ತು ತೆರೆದಿಡಲು ಯಾರು ಹೇಳಿಕೊಟ್ಟರು ಎಂದು ಕೇಳಿದರು. ತಾತ ಎಂದೆ, ರಾಗಿ ಎಣಿಕೆಯ ಕಥೆಯನ್ನು ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಗೋಂದಿನ ಬಾಟಲಿ ಎಳೆದುಕೊಂಡರು. ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಸಂಜೆ ಸ್ಟೇಷನ್ನಿನಿಂದ ಮನೆಯವರೆಗೆ ಒಂದೇ ಓಟ. ತಾತ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ಏದುಸಿರು ಬಿಡುತ್ತಲೇ ಎಲ್ಲಾ ಹೇಳಿದೆ.

"ಎಮ್ಮೆ ಬಂದೈತಾ?" ಎಂದ.

"ಬಂದಿದೆ ತಾತ, ಅದೊಂದೇ ಚೆನ್ನಾಗಿ ಬಂದಿರೋದು."

ಎಮ್ಮೆಯ ಬೆನ್ನು ತಟ್ಟಿದ. "ಹಂಗಾದ್ರೆ ಸರಿಯಾಗೇ ಎಣಿಸಿವ್ನಿ ಬಿಡವ್ವ."