ಅಪ್ಪ ಕಲಿಸಿದ ಇಂಗ್ಲಿಷ್ ಮಂತ್ರ

ನಾನು ಚಿಕ್ಕವನಿದ್ದಾಗ ನನ್ನ ಬಾಯಲ್ಲಿ ಎರಡು ಭಾಷೆ ಆರಾಮಾಗಿ ಇದ್ದವು, ಮೂರನೆಯದು ಬಂದು ಎಲ್ಲ ಕೆಡಿಸಿತು. ಮನೆಯಲ್ಲಿ ಕನ್ನಡ. ಊರು ಮಹಾರಾಷ್ಟ್ರದ ಗಡಿಯೊಳಗೆ, ಹಾಗಾಗಿ ಶಾಲೆಯಲ್ಲಿ, ಬಜಾರಿನಲ್ಲಿ ಮರಾಠಿ. ಆ ಮೂರನೆಯ ಇಂಗ್ಲಿಷ್ ಮಾತ್ರ ಪುಸ್ತಕದೊಳಗೆ ಇತ್ತು, ಹೊರಗೆ ಬಂದು ನಮ್ಮ ಹಳ್ಳಿಯಲ್ಲಿ ಯಾರ ಜೊತೆಗೂ ಅದು ಮಾತಾಡಿದ್ದಿಲ್ಲ.

ನಮ್ಮದು ಸ್ವಾಮಿಗಳ ಮನೆತನ. ಅಪ್ಪ ಊರಿನ ಒಕ್ಕಲುತನದ ಮನೆಗಳಿಗೆ ಪೂಜೆಗೆ ಹೋಗುತ್ತಿದ್ದರು. ನಾನೂ ಮುಂದೆ ಅದನ್ನೇ ಮಾಡಬೇಕು ಎಂದು ಊರವರು ಅಂದುಕೊಂಡಿದ್ದರು. ಅಪ್ಪನ ಆಸೆಯೇ ಬೇರೆ. ಮಗ ತಾಲೂಕಿನ ಪೇಟೆ ನಿಲಂಗಾದ ಕೋರ್ಟಿನಲ್ಲಿ ಕುರ್ಚಿಯ ಮೇಲೆ ಕೂಡಬೇಕು ಎಂದು ಅವರ ಹಟ. ನಮ್ಮ ಹಳ್ಳಿಯ ಶಾಲೆ ಏಳನೆಯ ಕ್ಲಾಸಿಗೆ ಮುಗಿಯುತ್ತಿತ್ತು. ನಿಲಂಗಾದ ಹೈಸ್ಕೂಲಿನಲ್ಲಿ, ಊಟ ವಸತಿಯ ಜೊತೆ ಒಂದು ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ಅಲ್ಲಿಗೇ ಮುಕ್ತಾಯ. ಜಾಗ ಕೊಡುವ ಮೊದಲು ಹೆಡ್‌ಮಾಸ್ತರರು ಎದುರು ನಿಲ್ಲಿಸಿ ಇಂಗ್ಲಿಷ್ ಕೇಳುತ್ತಾರೆ ಎಂದು ಸುದ್ದಿ ಬಂತು.

ಇಂಗ್ಲಿಷ್ ಪುಸ್ತಕದ ಕೊನೆಗೆ ಎರಡು ಪುಟದ ತುಂಬ ಜೋಡಿ ಮಾತುಗಳಿದ್ದವು. ಬ್ರೇಕ್ ಡೌನ್, ಬ್ರಿಂಗ್ ಅಪ್, ಕಾಲ್ ಆಫ್, ಗಿವ್ ಅಪ್, ಲುಕ್ ಆಫ್ಟರ್, ಹೀಗೆ. ಬಿಡಿಯಾಗಿ ನೋಡಿದರೆ ಒಂದು ಅರ್ಥ, ಕೂಡಿಸಿದರೆ ಮತ್ತೊಂದು. ಕೇಳುವುದು ಅದನ್ನೇ ಎಂದರು ನಮ್ಮ ಮಾಸ್ತರರು.

ಅಪ್ಪನಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ. ಅದಕ್ಕೇನು, ಕಲಿಸುವುದು ಗೊತ್ತಿತ್ತಲ್ಲ. ನಮ್ಮ ಮನೆಯಲ್ಲಿ ಮಂತ್ರ ಕಲಿಸುವ ರೀತಿ ಒಂದೇ. ಮೊದಲು ಧ್ವನಿ, ಏರಿಳಿತ, ಸಾಲು ತಪ್ಪದ ಹಾಗೆ ಬಾಯಿಪಾಠ. ಅರ್ಥ ವರ್ಷಗಟ್ಟಲೆ ಆದ ಮೇಲೆ. ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಕಂಬಳಿಯ ಮೇಲೆ ಎದುರು ಕೂರಿಸಿಕೊಳ್ಳುತ್ತಿದ್ದರು. ನಾನು ಪುಸ್ತಕ ನೋಡಿ ಓದಬೇಕು. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ನನ್ನ ಹಿಂದೆಯೇ ಹೇಳುತ್ತಿದ್ದರು. ಒಲೆಯ ಹೊಗೆ, ಒದ್ದೆ ಧೋತರದ ವಾಸನೆ, ಅದರ ನಡುವೆ ನಮ್ಮಿಬ್ಬರ ಬ್ರೇಕ್ ಡೌನ್, ಬ್ರಿಂಗ್ ಅಪ್.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಒಂದು ದಿನ ಕೈ ನಿಲ್ಲಿಸಿ ಕೇಳಿದಳು. "ಅಪ್ಪಾ, ಅಂವಗ ಅರ್ಥ ಕೇಳಿದ್ರ ಏನ್ ಹೇಳ್ತಾನ?"

"ಹಾಡ್ತ ಹಾಡ್ತ ರಾಗ. ಅರ್ಥ ಎಲ್ಲಿ ಹೋಗ್ತದ, ಹಿಂದಿಂದ ಬರ್ತದ," ಎಂದರು ಅಪ್ಪ.

ಅಕ್ಕನ ಮಾತು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಹೆಡ್‌ಮಾಸ್ತರರು ಕರೆದ ದಿನ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ನಿಲಂಗಾಕ್ಕೆ ಹೋದೆವು. ಉದ್ದನೆಯ ಕೋಣೆ, ಗೋಡೆಗುಂಟ ಪೇಟೆಯ ಹುಡುಗರು, ಅವರ ಅಪ್ಪಂದಿರು. ಬೂಟಿನ ಪಾಲಿಶಿನ ವಾಸನೆ ನನಗೆ ಅಲ್ಲೇ ಮೊದಲು ಗೊತ್ತಾಗಿದ್ದು. ಕಾವಿ ಅಂಗಿಯ ಅಪ್ಪ, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಹತ್ತಿರ ನಿಂತರು. ಹೆಡ್‌ಮಾಸ್ತರರು ನನ್ನನ್ನು ಕರೆದು, ಲುಕ್ ಆಫ್ಟರ್ ಎಂದರೆ ಏನು ಎಂದು ಮರಾಠಿಯಲ್ಲಿ ಕೇಳಿದರು.

ನಾನು ಕೈ ಕಟ್ಟಿ, ಕಣ್ಣು ಮುಚ್ಚಿ, ಮೊದಲಿನಿಂದ ಶುರು ಮಾಡಿದೆ. ಮಂತ್ರವನ್ನು ನಡುವಿನಿಂದ ಯಾರಾದರೂ ಹೇಳುತ್ತಾರೆಯೇ? ತಲೆ ತೂಗುತ್ತ, ರಾಗ ಎಳೆಯುತ್ತ ಬ್ರಿಂಗ್ ಅಪ್‌ವರೆಗೆ ಬಂದಿದ್ದೆ. ಯಾರೋ ಕಿಸಕ್ಕನೆ ನಕ್ಕರು.

"ತೇವಢಂಚ ಸಾಂಗ, ಬಾಳ." ಅದೊಂದನ್ನೇ ಹೇಳಪ್ಪ ಎಂದರು ಹೆಡ್‌ಮಾಸ್ತರರು.

ನನಗೆ ಅದೊಂದು ಬೇರೆಯಾಗಿ ಸಿಗಲೇ ಇಲ್ಲ. ಮತ್ತೆ ಮೊದಲಿನಿಂದ ಹಿಡಿದೆ. ನಗು ಜೋರಾಯಿತು, ಕಾಲ್ ಆಫ್ ಹತ್ತಿರ ನಾಲಿಗೆ ಕಟ್ಟಿತು. ಜಾಗ ಹೋಯಿತು, ಓದು ಮುಗಿಯಿತು ಎಂದುಕೊಂಡೆ.

ಆಗ ಬಾಗಿಲ ಕಡೆಯಿಂದ ಅಪ್ಪನ ಧ್ವನಿ ಬಂತು. ಪೂಜೆಯಲ್ಲಿ ಒಬ್ಬರು ತಡವರಿಸಿದರೆ ಪಕ್ಕದವರು ಎತ್ತಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅಪ್ಪ ಹಾಗೆಯೇ ಎತ್ತಿಕೊಂಡರು. ಕಾಲ್ ಆಫ್, ಗಿವ್ ಅಪ್, ಲುಕ್ ಆಫ್ಟರ್. ಕಣ್ಣು ಮುಚ್ಚಿ, ಗಂಟಲು ಬಿಚ್ಚಿ, ಒಂದೂ ತಪ್ಪದೆ ಎರಡು ಪುಟವನ್ನೂ ಮುಗಿಸಿದರು. ಮುಗಿದ ಮೇಲೆ ಕೈ ಮುಗಿದು "ಹರ ಹರ ಮಹಾದೇವ" ಎಂದುಬಿಟ್ಟರು.

ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗಂಟೆ ಬಾರಿಸುವ ಜವಾನ ಕೂಡ ನಕ್ಕ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು ನನಗೆ. ಕಿವಿ ಸುಡುತ್ತಿದ್ದವು. ಇವರು ನನ್ನ ಅಪ್ಪ ಅಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ಮುಚ್ಚುಮರೆ ಏಕೆ, ಹಾಗೆಯೇ ಅನ್ನಿಸಿತು.

ಹೆಡ್‌ಮಾಸ್ತರರು ಒಬ್ಬರೇ ನಗಲಿಲ್ಲ. ಸ್ವಾಮಿಗಳಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರು. ಇಲ್ಲ, ಹುಡುಗನ ಬಾಯಿಂದ ಕೇಳಿ ಕೇಳಿ ಬಂತು ಎಂದು ಅಪ್ಪ ಮರಾಠಿಯಲ್ಲೇ ಹೇಳಿದರು. ಹೇಳಿ ಸುತ್ತ ನೋಡಿದರು. ಜನ ಯಾಕೆ ನಗುತ್ತಿದ್ದಾರೆ ಎಂದು ಅವರಿಗೆ ತಿಳಿದದ್ದು ಆಗ. ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಜಾಗ ಸಿಕ್ಕಿತು. ನೆನಪಿನ ಶಕ್ತಿ ಇದೆ, ಅರ್ಥ ನಾವು ಕಲಿಸುತ್ತೇವೆ ಎಂದರು ಹೆಡ್‌ಮಾಸ್ತರರು. ಬಸ್ಸಿನಲ್ಲಿ ಕಂಡಕ್ಟರನಿಂದ ಹಿಡಿದು ಎಲ್ಲರನ್ನೂ ಮಾತಾಡಿಸುವ ಅಪ್ಪ ಅಂದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರ ಬಂದಾಗ ಮೆಲ್ಲಗೆ ಅಂದರು. "ತಮ್ಮಾ, ನನ್ನ ಸಲುವಾಗಿ ನಿನಗ ನಾಚಿಕಿ ಆಯ್ತು."

ಇಲ್ಲಪ್ಪಾ ಎನ್ನುವುದು ಎಷ್ಟು ಹೊತ್ತಿನ ಕೆಲಸ. ನನ್ನ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಮರುದಿನ ನಸುಕಿನಲ್ಲಿ ಕಂಬಳಿ ಹಾಸಿದ್ದರು, ಎದುರು ಕೂರಲಿಲ್ಲ. "ಇನ್ನ ನೀನೇ ಓದಪಾ," ಎಂದು ಪೂಜೆಗೆ ಹೊರಟುಹೋದರು. ನಾನು ನಿಲಂಗಾದಲ್ಲಿದ್ದಷ್ಟು ವರ್ಷ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು ಹೊತ್ತು ಬರುತ್ತಿದ್ದರು. ಗೇಟಿನ ಹೊರಗೆ ನಿಂತು ಜವಾನನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಒಳಗೆ ಬರಲಿಲ್ಲ. ಲುಕ್ ಆಫ್ಟರ್ ಎಂದರೆ ಜೋಪಾನವಾಗಿ ನೋಡಿಕೊಳ್ಳುವುದು ಎಂದು ಒಳಗೆ ಕ್ಲಾಸಿನಲ್ಲಿ ನನಗೆ ಕಲಿಸಿದರು.

ಮೊಮ್ಮಕ್ಕಳೇ, ನೀವು ಇದೆಲ್ಲ ಫೋನಿನಲ್ಲಿ ಕಲಿಯುತ್ತೀರಿ. ಒತ್ತಿದರೆ ಅರ್ಥ, ಮತ್ತೆ ಒತ್ತಿದರೆ ಉಚ್ಚಾರ. ತಣ್ಣೀರು ಸ್ನಾನ ಬೇಡ, ಎದುರು ಕೂತು ತಾಳ ಹಾಕುವವರು ಬೇಡ. ಬಹಳ ಚೆನ್ನಾಗಿದೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊನ್ನೆ ನಿಮ್ಮ ಆನ್‌ಲೈನ್ ಕ್ಲಾಸಿನಲ್ಲಿ ಮೇಡಂ ಏನೋ ಕೇಳಿದಾಗ ನಾನು ಹಿಂದಿನಿಂದ ಉತ್ತರ ಕೂಗಿದೆ. ಆ ಕಡೆಯ ಹುಡುಗರು ನಕ್ಕರು. ನೀವು ಗಡಿಬಿಡಿಯಿಂದ ಮೈಕ್ ಬಂದ್ ಮಾಡಿದಿರಿ. ನಿಮ್ಮ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ, ನೋಡಿ ಅಂಗಳಕ್ಕೆ ಬಂದು ಕೂತೆ. ನಿಮ್ಮ ಮೇಲೆ ಸಿಟ್ಟಿಲ್ಲ. ಆ ವಯಸ್ಸೇ ಹಾಗೆ. ಅಪ್ಪನನ್ನು ಗೇಟಿನ ಒಳಗೆ ಬನ್ನಿ ಎಂದು ನಾನು ಒಮ್ಮೆಯೂ ಕರೆಯಲಿಲ್ಲ. ನೀವು ನನ್ನನ್ನು ಒಳಗೆ ಕರೆಯಿರಿ, ನಾನು ಇಲ್ಲೇ ಅಂಗಳದಲ್ಲಿ ಇರುತ್ತೇನೆ.