ಎಲ್ಲರ ಪರವಾಗಿ ಕಣ್ಣಿಗೊತ್ತಿಕೊಂಡ ಬೇಸಿಗೆ

ನಮ್ಮೂರಿನಲ್ಲಿ ದೇವರು ಉದ್ಭವವಾದದ್ದೂ ಇಲ್ಲ, ಪವಾಡ ನಡೆದದ್ದೂ ಇಲ್ಲ. ಕಾಲುವೆ ಮೇಲಿನ ಚಪ್ಪಡಿಯ ಅಡಿಯಲ್ಲಿ ಒಬ್ಬ ಕಲ್ಲಿನ ಗಂಡಸಿದ್ದ. ಯಾರೂ ನೋಡಿರಲಿಲ್ಲ, ನಾವು ನೋಡಿಬಿಟ್ಟೆವು. ಆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಜನ ಸೇರಿಸಿಕೊಂಡದ್ದು.

ಅಟ್ಟೂರಿನ ಆಚೆ ಇನ್ನೂ ರಾಗಿ ಹೊಲಗಳಿದ್ದ ಕಾಲ ಅದು. ಯಲಹಂಕಕ್ಕೆ ಹೋಗಬೇಕೆಂದರೆ ಎತ್ತಿನ ಗಾಡಿ, ಇಲ್ಲವೇ ಸ್ವಂತ ಕಾಲು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದೆ. ಬಿಟ್ಟೆ ಅನ್ನುವುದಕ್ಕಿಂತ, ಮನೆಯ ಎಮ್ಮೆ ಕರು ಹಾಕಿತು, ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಆ ಬೇಸಿಗೆ ಯಶವಂತಪುರದಿಂದ ದೊಡ್ಡಪ್ಪನ ಮಗಳು ಪ್ರಮೀಳ ಬಂದಳು. ನನಗಿಂತ ಒಂದು ವರ್ಷ ದೊಡ್ಡವಳು. ಎರಡು ಜಡೆ, ಜಡೆಗೆ ರಿಬ್ಬನ್ನು, ಬಾಯಿಗೆ ಬೀಗವಿಲ್ಲ.

ಅವಳ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪಾಠವಿತ್ತಂತೆ. ಇಂಗ್ಲೆಂಡಿನ ಹಳ್ಳಿ ಮಕ್ಕಳು ರಜೆ ಬಂದರೆ ಬುಟ್ಟಿಯಲ್ಲಿ ತಿಂಡಿ ಇಟ್ಟುಕೊಂಡು ಹಳೇ ಕೋಟೆ, ಹಳೇ ಚರ್ಚು, ಹಳೇ ಸೇತುವೆ ನೋಡಲು ಹೋಗುತ್ತಾರಂತೆ. ನೋಡಿ ಏನು ಮಾಡುತ್ತಾರೆ ಎಂದು ಕೇಳಿದೆ. ಮರದ ಕೆಳಗೆ ಕೂತು ತಿಂಡಿ ತಿಂದು ವಾಪಸು ಬರುತ್ತಾರೆ ಅಂದಳು. ತಿನ್ನುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕೋ ನನಗೆ ತಿಳಿಯಲಿಲ್ಲ.

"ನಿಮ್ಮೂರಲ್ಲಿ ನೋಡಕ್ಕೆ ಏನಿದೆ?" ಎಂದು ಮೂಗು ಮುರಿದಳು.

"ಏನಿಲ್ಲ ಅಂತೀಯ? ಕೋಟೆ ಐತೆ, ಕಲ್ಯಾಣಿ ಐತೆ."

"ಸೇತುವೆ?"

"ಅದೂ ಐತೆ ಕಣಮ್ಮಿ, ನಡಿ" ಅಂದೆ.

ಬುಟ್ಟಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಉಪ್ಪುಖಾರ ಸವರಿದ ಮಾವಿನಕಾಯಿ ಇಟ್ಟುಕೊಂಡು ಹೊರಟೆವು. ಕೋಟೆ ಅಂದರೆ ಊರ ಹೊರಗೆ ಕರಗಿಹೋದ ಒಂದು ಮಣ್ಣುದಿಬ್ಬ. ಬೆಳಗಿನ ಹೊತ್ತು, ಚೊಂಬು ಹಿಡಿದ ಗಂಡಸರು ಒಬ್ಬರಾದ ಮೇಲೊಬ್ಬರು ದಿಬ್ಬದ ಹಿಂದಿನಿಂದ ಬರುತ್ತಿದ್ದರು. ಪ್ರಮೀಳ ರಿಬ್ಬನ್ನಿನ ತುದಿಯಿಂದ ಮೂಗು ಮುಚ್ಚಿಕೊಂಡಳು. ಕಲ್ಯಾಣಿಯಲ್ಲಿ ಮೆಟ್ಟಿಲು ಕಾಣುತ್ತಿರಲಿಲ್ಲ, ಎಮ್ಮೆಗಳ ತಲೆ ಮಾತ್ರ ಕಾಣುತ್ತಿತ್ತು. "ಇನ್ನು ಸೇತುವೆ ಒಂದು ಬಾಕಿ" ಎಂದು ಅವಳು ಪರೀಕ್ಷೆಗೆ ನಂಬರು ಹಾಕುವ ಮೇಷ್ಟರ ಹಾಗೆ ಅಂದಳು.

ನಮ್ಮ ಸೇತುವೆ ಒಂದೇ ಕಲ್ಲಿನದು. ಕೆರೆಯಿಂದ ಬರುವ ಕಾಲುವೆಗೆ ಅಡ್ಡಲಾಗಿ ಒಂದು ಉದ್ದನೆಯ ಚಪ್ಪಡಿ. ಆಚೆಗೆ ಸಿಹಿನೀರಿನ ಬಾವಿ, ಈಚೆಗೆ ಊರು. ಊರ ಹೆಂಗಸರೆಲ್ಲ ಕೊಡ ಹೊತ್ತು ಅದರ ಮೇಲೇ ಓಡಾಡುತ್ತಿದ್ದರು. ಬೇಸಿಗೆಯಾದ್ದರಿಂದ ಕಾಲುವೆ ಒಣಗಿತ್ತು. ಬಿಸಿಲು ತಡೆಯದೆ ನಾವು ಚಪ್ಪಡಿಯ ಅಡಿಗೆ ನುಗ್ಗಿ, ತಣ್ಣನೆ ಮಣ್ಣಿನ ಮೇಲೆ ಅಂಗಾತ ಮಲಗಿ ಮಾವಿನಕಾಯಿ ಕಡಿಯತೊಡಗಿದೆವು.

ಎರಡನೇ ತುಂಡಿಗೆ ನಾನು ಮೇಲೆ ನೋಡಿದೆ. ನನ್ನ ಮುಖದ ಮೇಲೇ ಒಬ್ಬ ಗಂಡಸು. ಜುಟ್ಟು ಕಟ್ಟಿದ್ದಾನೆ, ಕತ್ತಿ ಎತ್ತಿದ್ದಾನೆ, ಕಾಲ ಬಳಿ ಹಸುಗಳಿವೆ. ಅವನ ತಲೆಯ ಮೇಲ್ಗಡೆ ಇನ್ನೊಂದು ಸಾಲಿನಲ್ಲಿ ಇಬ್ಬರು ಹೆಂಗಸರು ಅವನನ್ನೇ ರಟ್ಟೆ ಹಿಡಿದು ಒಯ್ಯುತ್ತಿದ್ದಾರೆ, ಸಂತೆಯಲ್ಲಿ ಕುಡಿದು ಬಿದ್ದವನನ್ನು ಮನೆಗೆ ಕರೆದೊಯ್ಯುವ ಹಾಗೆ.

ನಾನು ಊರ ಕಡೆ ಓಡಿದೆ. "ಅಪ್ಪೋ! ಚಪ್ಪಡಿ ಕೆಳ್ಗೆ ಗಂಡ್ಸು ಅವ್ನೆ! ಕೈನಾಗೆ ಕತ್ತಿ ಐತೆ!"

ದೊಣ್ಣೆ, ಒನಕೆ ಹಿಡಿದು ಊರೇ ಬಂತು. ಕಳ್ಳ ಇಲ್ಲವೆಂದು ಗೊತ್ತಾದ ಮೇಲೆ ಗಂಡಸರು ಒಬ್ಬೊಬ್ಬರಾಗಿ ಅಂಗಾತ ತೆವಳಿ ಹೋಗಿ ನೋಡಿ ಬಂದರು. ಕೊನೆಗೆ ಪೂಜಾರಪ್ಪನೂ ತೆವಳಿ, ಬೆನ್ನೆಲ್ಲ ಮಣ್ಣು ಮಾಡಿಕೊಂಡು ಹೊರಬಂದ.

"ವೀರಗಲ್ಲು ಕಣ್ರಪ್ಪಾ. ಊರ ದನ ಉಳ್ಸಕ್ಕೋಗಿ ಸತ್ತೋನು. ಯಾವನೋ ಪುಣ್ಯಾತ್ಮ ಬೋರಲು ಮಲಗ್ಸವ್ನೆ. ನಾವು ಇಷ್ಟು ಕಾಲ ಇವನ ಬೆನ್ನು ತುಳ್ದಿದೀವಿ."

ಚಪ್ಪಡಿಯ ಮೇಲೆ ನಿಂತೇ ಬಗ್ಗಿ ನೋಡುತ್ತಿದ್ದ ನಮ್ಮ ಚಿಕ್ಕಪ್ಪ ಹೌಹಾರಿ ಕಾಲುವೆಗೆ ಹಾರಿ ಕಾಲು ಉಳುಕಿಸಿಕೊಂಡ. ಆ ಗಳಿಗೆಯಿಂದ ಯಾರೂ ಚಪ್ಪಡಿ ಮೆಟ್ಟುವ ಹಾಗಿಲ್ಲ ಎಂದಾಯಿತು.

ಎತ್ತಿ ಗುಡಿಯ ಮುಂದೆ ನಿಲ್ಲಿಸಿ ಅಲ್ಲಿಗೆ ಬೇರೆ ಕಲ್ಲು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಊರಿನ ಎರಡು ದೊಡ್ಡ ಮನೆತನಗಳಲ್ಲಿ ಮೇಲ್ಮನೆಯವರು "ಇವ್ನು ನಮ್ ವಂಶದೋನು, ಮೂಗು ನೋಡ್ರಿ" ಅಂದರು. ಕೆಳಮನೆಯವರು "ಮೂಗು ನಮ್ದು" ಅಂದರು. ಆ ಕಲ್ಲಿಗೆ ಮೂಗೇ ಇರಲಿಲ್ಲ, ಸವೆದುಹೋಗಿತ್ತು. ಇವರು ಮುಟ್ಟಲು ಅವರು ಬಿಡಲಿಲ್ಲ, ಅವರು ಮುಟ್ಟಲು ಇವರು ಬಿಡಲಿಲ್ಲ. ಹೊಸ ಚಪ್ಪಡಿ ತರುವ ಮಾತು ಬಂದಾಗ ಮಾತ್ರ ಇಬ್ಬರೂ "ಅದು ಊರ ಕೆಲ್ಸ" ಅಂದರು.

ಗಂಡಸರಿಗೇನು, ಅವರು ನೀರು ಹೊರುವವರಲ್ಲ. ಹೆಂಗಸರು ತುಂಬಿದ ಕೊಡ ಹೊತ್ತು ಕಾಲುವೆಯ ಕಡಿದಾದ ದಡ ಇಳಿದು ಹತ್ತುವಂತಿರಲಿಲ್ಲ, ಕೆರೆ ಏರಿ ಸುತ್ತಿಕೊಂಡೇ ಬರಬೇಕಾಯಿತು. ನಮ್ಮವ್ವ ದಿನ ತುಂಬಿದ ಬಸುರಿ. ಸುತ್ತಿ ಸುತ್ತಿ ಅವಳ ಪಾದ ರಾಗಿಮುದ್ದೆಯ ಹಾಗೆ ಊದಿಕೊಂಡಿತು. ಒಂದು ಸಂಜೆ ಏರಿಯ ಮೇಲೆ ಕೊಡ ಇಳಿಸಿ ಕುಸಿದು ಕೂತವಳು ಏಳಲೇ ಇಲ್ಲ. ಇಬ್ಬರು ಹಿಡಿದುಕೊಂಡು ಬಂದರು. ಮನೆಗೆ ಬಂದು ನನ್ನನ್ನು ನೋಡಿ ಒಂದೇ ಮಾತು ಅಂದಳು: "ನಿನ್ ಕಣ್ಣು ಸೇದ್ಹೋಗ, ಮಾವಿನ್ಕಾಯಿ ತಿನ್ನೋಳು ಮಾವಿನ್ಕಾಯಿ ನೋಡ್ಬಾರ್ದಾಗಿತ್ತಾ?"

ಮಾರನೇ ದಿನ ಅಜ್ಜಿ, ಅಂದರೆ ಅಪ್ಪನ ತಾಯಿ, ಕೋಲೂರಿಕೊಂಡು ಕಾಲುವೆಯ ಬಳಿಗೇ ಬಂದಳು. ಎರಡೂ ಮನೆಯ ಯಜಮಾನರು ಆಗಲೇ ಅಲ್ಲಿ ನಿಂತು ಕೂಗಾಡುತ್ತಿದ್ದರು.

"ಲೋ, ನಿಲ್ಸ್ರೋ ಸಾಕು. ಪುಸ್ತಕ ತುಳಿದ್ರೆ ಏನ್ ಮಾಡ್ತೀರ? ಮುಟ್ಟಿ ಕಣ್ಗೊತ್ಕೊತೀರ. ಮನುಷ್ಯಂಗೆ ಕಾಲು ತಗುಲಿದ್ರೆ? ಅದೇಯ. ಇವ್ನಿಗೂ ಅದೇ ಮಾಡಿ ದಾಟ್ಕೊಳ್ಳಿ. ದನ ಉಳ್ಸಿದೋನು ಬಸುರಿ ಹೆಂಗಸ್ನ ಸಾಯ್ಸು ಅಂತಾನಾ?"

ಪೂಜಾರಪ್ಪ ತಲೆ ಕೆರೆದುಕೊಂಡು "ಶಾಸ್ತ್ರ ಒಪ್ತದೆ" ಅಂದ. ಅಜ್ಜಿಯ ಕೋಲಿಗೆ ಶಾಸ್ತ್ರ ಯಾವಾಗಲೂ ಒಪ್ಪುತ್ತಿತ್ತು.

ಹೆಂಗಸರ ಗುಂಪಿನಿಂದ ಒಬ್ಬಳು ಕೇಳಿದಳು: "ತಲೆ ಮ್ಯಾಲೆ ತುಂಬಿದ ಕೊಡ ಇಕ್ಕೊಂಡು ಬಗ್ಗೋದೆಂಗಮ್ಮಾ?"

ಅಜ್ಜಿ ನನ್ನ ಕಡೆ ತಿರುಗಿದಳು. "ಕಂಡಿಡಿದೋಳು ಇವ್ಳೇ ತಾನೆ? ಇವ್ಳೇ ಕೂತ್ಕೊಂಡು ಎಲ್ರ ಪರವಾಗಿ ಒತ್ಕೊಳ್ಳಲಿ."

ಹೀಗೆ ನನಗೆ ಕೆಲಸ ಸಿಕ್ಕಿತು. ಕೋಳಿ ಕೂಗುವ ಹೊತ್ತಿಗೆ ಚಪ್ಪಡಿಯ ಪಕ್ಕ ಕೂರುವುದು. ಒಬ್ಬಳು ದಾಟಿದರೆ ಕಲ್ಲು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುವುದು. ಮೊದಲು ದಾಟಿದ್ದು ಅವ್ವ. ಬಾವಿಯಿಂದ ಕೊಡ ಹೊತ್ತು ಬಂದು ಚಪ್ಪಡಿಯ ಮಧ್ಯೆ ನಿಂತಳು. ನಾನು ಒತ್ತಿಕೊಂಡೆ.

"ಇನ್ನೊಂದ್ಸಲ" ಅಂದಳು.

"ಯಾಕವ್ವ?"

"ಒಟ್ಟೆಯೊಳಗೆ ಇರೋದೂ ದಾಟ್ತಾ ಐತಲ್ಲ, ಅದ್ರದು ಯಾರು ಒತ್ಕೊತಾರೆ, ನಿಮ್ಮಪ್ಪನಾ?"

ಕುರಿಯವನು ಮಂದೆ ಹೊಡೆದುಕೊಂಡು ಬಂದ. "ಕುರಿಗೊಂದೊಂದು ಒತ್ತಮ್ಮಿ, ನಂಗೆ ದೋಷ ಬೇಡ" ಅಂದ. "ಮಂದೆಗೆಲ್ಲ ಸೇರಿ ಒಂದೇ. ಬೇಕಿದ್ರೆ ದಾಟು, ಇಲ್ದಿದ್ರೆ ಸುತ್ಕೊಂಡ್ಹೋಗು" ಅಂದೆ. ಅಧಿಕಾರ ಬಂದರೆ ಯಾರಿಗಾದರೂ ಬಾಯಿ ಬರುತ್ತದೆ.

ಯಲಹಂಕದಿಂದ ಬಳೆ ಮಲಾರ ಹೊತ್ತು ಬರುವ ಬೀಬಮ್ಮ ಚಪ್ಪಡಿಯ ಆಚೆಗೆ ನಿಂತು, "ನಮ್ಗೂ ಐತಾ ಬೇಟಿ ಇದು?" ಎಂದು ಕೇಳಿದಳು.

"ಗೊತ್ತಿಲ್ಲ ಬೀಬಮ್ಮ. ಅಜ್ಜಿ ಹೇಳಿಲ್ಲ."

"ಕಾಲು ಕಾಲೇ ತಾನೆ? ಅವನ್ ಬೆನ್ನಿಗೇನ್ ಗೊತ್ತು ಯಾರ್ದು ಅಂತ. ನಂದೂ ಒಂದ್ ಹಾಕ್ಬಿಡು" ಎಂದು ದಾಟಿ, ನನ್ನ ಕೈಗೆ ಎರಡು ಹಸಿರು ಬಳೆ ಏರಿಸಿ ಹೋದಳು.

ಅದನ್ನು ನೋಡಿ ಪ್ರಮೀಳನಿಗೆ ಹೊಟ್ಟೆ ಉರಿಯಿತು. ತಾನೂ ಒಂದು ದಿನ ಕೂರುತ್ತೇನೆಂದು ಹಟ ಹಿಡಿದಳು. "ಯಶವಂತಪುರದೋರು ಒತ್ಕೊಂಡ್ರೆ ನಮ್ಮೂರ ದೋಷ ಓಗಲ್ಲ" ಎಂದು ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು. ಪ್ರಮೀಳ ಮರದ ಕೆಳಗೆ ಒಬ್ಬಳೇ ಕುಂಟೆಬಿಲ್ಲೆ ಆಡಿಕೊಂಡು, "ಇಂಗ್ಲೆಂಡಲ್ಲಿ ಇದೆಲ್ಲ ಇಲ್ಲ" ಎಂದು ಗಳಿಗೆಗೊಮ್ಮೆ ಕೂಗುತ್ತಿದ್ದಳು. ಇಲ್ಲದಿದ್ದರೆ ಅದು ಅವರ ನಷ್ಟ.

ಮಣ್ಣುಗೈ ಒತ್ತಿ ಒತ್ತಿ ನನಗೆ ಕಣ್ಣುಬೇನೆ ಬಂತು. ಅಜ್ಜಿ ನಂದಿಬಟ್ಟಲ ಹೂ ನೆನೆಸಿದ ನೀರು ಬಿಟ್ಟು, ಮಾರನೇ ದಿನ ಮತ್ತೆ ಕೂರಿಸಿದಳು. ಮಳೆ ಬಂತು, ಪ್ರಮೀಳ ವಾಪಸು ಹೋದಳು, ತಮ್ಮ ಹುಟ್ಟಿದ. ಅವ್ವನಿಗೆ ಏನೂ ಆಗಲಿಲ್ಲ. ರಾಗಿ ತೆನೆ ಬಿಡುವ ಹೊತ್ತಿಗೆ ಹೆಂಗಸರು ನಾನಿದ್ದರೂ ಇಲ್ಲದಿದ್ದರೂ ದಾಟುತ್ತಿದ್ದರು. ದೇವರ ಭಯಕ್ಕಿಂತ ನೀರಿನ ಭಾರ ದೊಡ್ಡದು.

ಹೋದ ಭಾನುವಾರ ಮೊಮ್ಮಗಳು ಸಿಂಧು ವಿದ್ಯಾರಣ್ಯಪುರದಿಂದ ಬಂದು, "ಅಜ್ಜಿ, ಹೆರಿಟೇಜ್ ವಾಕ್ ಇದೆ, ನಿಮ್ಮೂರಲ್ಲೇ, ಬನ್ನಿ" ಎಂದು ಎಳೆದುಕೊಂಡು ಹೋದಳು. ಅವಳೀಗ ಏಳು ತಿಂಗಳ ಬಸುರಿ. ಟೋಪಿ ಹಾಕಿಕೊಂಡ ಹುಡುಗ ಹುಡುಗಿಯರು, ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ತಿಂಡಿ. ಪ್ರಮೀಳನ ಇಂಗ್ಲೆಂಡು ಕೊನೆಗೂ ನಮ್ಮೂರಿಗೆ ಬಂತು ಅಂದುಕೊಂಡೆ. ಬಡಾವಣೆಯ ಪಾರ್ಕಿನಲ್ಲಿ, ಗೇಣೆತ್ತರದ ಸಿಮೆಂಟು ಕಟ್ಟೆಯ ಮೇಲೆ, ನಮ್ಮ ಕಲ್ಲಿನ ಗಂಡಸನ್ನು ನಿಲ್ಲಿಸಿದ್ದರು. ಅವನು ನೆಟ್ಟಗೆ ನಿಂತದ್ದು ನೋಡಿ ನನಗೆ ಗುರುತೇ ಹತ್ತಲಿಲ್ಲ. ಮಲಗಿಯೇ ನೋಡಿ ಅಭ್ಯಾಸ.

"ಊರಿನವರು ಇದನ್ನ ತಲೆತಲಾಂತರದಿಂದ ಪೂಜಿಸ್ಕೊಂಡು ಬಂದಿದ್ದಾರೆ" ಎಂದು ಒಬ್ಬ ಹುಡುಗ ವಿವರಿಸುತ್ತಿದ್ದ.

"ತುಳ್ಕೊಂಡು ಬಂದಿದೀವಿ ಕಣಪ್ಪ" ಅಂದೆ. ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು.

ಕಾಲುವೆ ಈಗ ಕಪ್ಪು ಮೋರಿ, ಮೇಲೆ ಕಾಂಕ್ರೀಟು. ಸಿಹಿನೀರಿನ ಬಾವಿ ಮುಚ್ಚಿ ಅಪಾರ್ಟ್‌ಮೆಂಟು ಎದ್ದಿದೆ. ಮೇಲ್ಮನೆಯವರೂ ಕೆಳಮನೆಯವರೂ ಸೇರಿ ಕಟ್ಟಿಸಿದ್ದು, ಅದೊಂದರಲ್ಲಿ ಜಗಳವಾಗಲಿಲ್ಲ. ಆ ಅಪಾರ್ಟ್‌ಮೆಂಟಿಗೆ ದಿನವೂ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಕಲ್ಲು ಕ್ಷೇಮವಾಗಿದೆ. ದಾಟಿ ಹೋಗಲು ಆಚೆ ದಡ ಇಲ್ಲ, ಅಷ್ಟೇ.

ಸಿಂಧು ಫೋಟೋಗೆಂದು ಕಲ್ಲಿಗೆ ಒರಗಿ ನಿಂತಳು. ಅವಳ ಶೂ ಅವನ ಹಸುವಿಗೆ ತಾಗಿತು.

"ಕಣ್ಗೊತ್ಕೊಳ್ಳೇ" ಅಂದೆ.

"ಅಜ್ಜಿ, ಈ ಹೊಟ್ಟೆ ಇಟ್ಕೊಂಡು ಹೇಗೆ ಬಗ್ಗಲಿ? ನೀವೇ ಒತ್ಕೊಳ್ಳಿ."

ನನ್ನ ಮಂಡಿಗಳೂ ಒಪ್ಪಲಿಲ್ಲ. ಅಷ್ಟರಲ್ಲಿ ಅವರೆಲ್ಲ ತಿಂಡಿಗೆ ಹೊರಟರು.

ಮಾರನೇ ದಿನ ಬೆಳಿಗ್ಗೆ ಹಾಲು ತರುತ್ತೇನೆಂದು ಹೇಳಿ ಪಾರ್ಕಿಗೆ ಹೋದೆ. ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತೆ. ಕಲ್ಲು ಮುಟ್ಟಿ ಸಿಂಧು ಪರವಾಗಿ ಒಂದು ಸಲ ಒತ್ತಿಕೊಂಡೆ, ಒಳಗಿರುವುದರ ಪರವಾಗಿ ಇನ್ನೊಂದು ಸಲ. ವಾಚ್‌ಮನ್ ಓಡಿಬಂದ. "ಏನಜ್ಜಿ, ಏನಾದ್ರೂ ಬೀಳಿಸ್ಕೊಂಡ್ರಾ?"

"ಇಲ್ಲ ಕಣಪ್ಪ, ಹಳೇ ಡ್ಯೂಟಿ. ಏಳ್ಬೇಕು, ಕೈ ಕೊಡು."

ಅವನು ಬಗ್ಗಿ ಕೈ ಕೊಟ್ಟ. ಕೊಡುವಾಗ ಅವನ ಬೂಟು ಕಲ್ಲಿಗೆ ತಾಗಿತು. ಅವನ ಕೈ ಬಿಟ್ಟು ಮತ್ತೆ ಕೂತು, ಅವನದೂ ಒಂದು ಒತ್ತಿಕೊಂಡೆ.